ಹುಳುಮನೆಯಿಂದ ಬಂದ ಉತ್ತರ

ಈ ಬರವಣಿಗೆಯಲ್ಲಿ ಲೋಪದೋಷಗಳು ಕಂಡರೆ ಓದುಗರು ಮನ್ನಿಸಬೇಕೆಂದು ಮೊದಲೇ ಕೇಳಿಕೊಳ್ಳುತ್ತೇನೆ. ನಮ್ಮ ಮನೆತನದಲ್ಲಿ ಅಕ್ಷರ ಕಲಿತವನು ನಾನೇ ಮೊದಲಿಗ. ಹೇಳಬೇಕಾದುದನ್ನು ಸರಿಯಾಗಿ ಹೇಳಿದೆನೇ ಎಂಬ ಅಳುಕು ನನ್ನನ್ನು ಇನ್ನೂ ಬಿಟ್ಟಿಲ್ಲ. ದೆವ್ವ, ಪವಾಡಗಳಲ್ಲಿ ನನಗೆ ಅಂದು ನಂಬಿಕೆ ಇರಲಿಲ್ಲ, ಬಿ.ಎಸ್ಸಿ. ಮುಗಿಸಿದ ಇಂದು ಇದೆ ಎಂದರೂ ತಪ್ಪಾದೀತು. ಆದರೆ ಕಿವಿಯಾರೆ ಕೇಳಿದ್ದನ್ನು ಕೇಳಿಲ್ಲವೆನ್ನಲಾರೆ.

ಎಪ್ಪತ್ತರ ದಶಕದ ಆರಂಭದ ಮಾತು. ಬಂಡಳ್ಳಿಯ ಕಡೆಯ ಒಂದು ಊರಿನಲ್ಲಿ ನನ್ನ ತಂದೆ ಸಿದ್ದಯ್ಯ ಜೀತಕ್ಕಿದ್ದರು. ಅಜ್ಜನ ಕಾಲದ ಸಾಲಕ್ಕೆ ಎಳೆಯ ವಯಸ್ಸಿನಲ್ಲೇ ಯಜಮಾನರ ಮನೆ ಸೇರಿದವರು. ರೇಷ್ಮೆಯ ಹುಳುಮನೆ ಅವರ ಪಾಲಿನ ಕೆಲಸ. ಹುಳುಗಳಿಗೆ ರೋಗ ತಗಲೀತೆಂದು ಅದರೊಳಗೆ ಒಬ್ಬನೇ ಆಳು, ಕಾಲು ತೊಳೆದುಕೊಂಡು ಹೋಗಬೇಕೆಂಬ ಪದ್ಧತಿಯಿತ್ತು. ಯಜಮಾನರೂ ಒಳಗೆ ಕಾಲಿಡುತ್ತಿರಲಿಲ್ಲ. ಎದುರಿನ ಜಗುಲಿಯಲ್ಲಿ ಕುಳಿತು ಕಿವಿಯಿಂದಲೇ ಕಾವಲು ಕಾಯುತ್ತಿದ್ದರು. ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯಂತೆ ಹೊರಗೂ ಕೇಳುತ್ತದೆ. ಆ ಸದ್ದು ನಿಂತರೆ ಆಳು ನಿದ್ದೆ ಹೋಗಿದ್ದಾನೆ ಎಂದೇ ಅರ್ಥ.

ನಮ್ಮಲ್ಲಿ ಜೀತದ ವರ್ಷ ಯುಗಾದಿಯಿಂದ ಯುಗಾದಿಗೆ. ಆ ವರ್ಷ ಅಪ್ಪನಿಗೆ ಕೆಮ್ಮು ಬಲವಾಗಿತ್ತು. ಕೊಳ್ಳೇಗಾಲದ ಹಾಸ್ಟೆಲಿನಲ್ಲಿದ್ದು ಪಿ.ಯು.ಸಿ. ಓದುತ್ತಿದ್ದ ನಾನು ಊರಿಗೆ ಬಂದಾಗ ಯಜಮಾನರು ನಮ್ಮಿಬ್ಬರನ್ನೂ ಜಗುಲಿಯ ಕೆಳಗೆ ನಿಲ್ಲಿಸಿಕೊಂಡರು.

“ನಿಮ್ಮಪ್ಪ ಗೊರಗೊರ ಅಂತಾವ್ನೆ. ಯುಗಾದಿಯಿಂದ ನೀನೇ ಬಂದ್ಬುಡು ಕಣ್ಲಾ. ಓದಿದ್ದು ಸಾಕು, ಹುಳ ಏನು ಇಂಗ್ಲೀಸ್ನಲ್ಲಿ ಸೊಪ್ಪು ಕೇಳ್ತದಾ?” ಎಂದು ನಕ್ಕರು.

“ಆಗ್ಲಿ ಬುದ್ದಿ,” ಎಂದರು ಅಪ್ಪ.

ಗುಡಿಸಲಿಗೆ ಬಂದ ಮೇಲೆ ನಾನು ಮುಖ ತಿರುಗಿಸಿಕೊಂಡು ಕುಳಿತೆ. ಅಪ್ಪ ಬಳಿಗೆ ಬಂದು, “ಬಾಯಿ ಅಂಗಂತದೆ ಕಣ್ ಮಗ, ಅದ್ಕೆ ಅದೇ ರೂಢಿ. ನಾವು ಒಂಟೋಗವ,” ಎಂದರು.

ಹಬ್ಬದ ನೆಪ ಹೇಳಿ ಅವ್ವನನ್ನು ಯಳಂದೂರಿನ ಸೋದರಮಾವನ ಮನೆಗೆ ಮುಂಚೆಯೇ ಕಳುಹಿಸಿದೆವು. ಯುಗಾದಿಯ ಹಿಂದಿನ ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ, ಅಪ್ಪ ತಟ್ಟೆಗಳ ಮೇಲೆ ಎಂದಿಗಿಂತ ದಪ್ಪವಾಗಿ ಸೊಪ್ಪು ಹಾಸಿದರು. ಮುಂಬಾಗಿಲಿಗೆ ಎಂದಿನಂತೆ ಒಳಗಿನಿಂದ ಅಗಳಿ ಹಾಕಿ, ಹಿಂಬಾಗಿಲಿನಿಂದ ಹೊರಬಂದು ಅದಕ್ಕೆ ಚಿಲಕ ಸಿಕ್ಕಿಸಿದರು. ನಾನು ಹಿಂದಿನ ಹಿಪ್ಪುನೇರಳೆ ತೋಟದಲ್ಲಿ ಕಾಯುತ್ತಿದ್ದೆ. “ಒಟ್ಟೆ ತುಂಬ ಆಕಿವ್ನಿ. ಪಾಪ, ಅವೇನ್ ಮಾಡಿದ್ದೊ,” ಎಂದರು.

ಜನರ ಓಡಾಟ ನಿಲ್ಲುವವರೆಗೆ ಬಹಳ ಹೊತ್ತು ತೋಟದಲ್ಲೇ ಅಡಗಿದ್ದು ಹೊರಟೆವು. ಹುಳುಗಳ ಹಸಿವು ಅಪ್ಪನ ಅಂದಾಜನ್ನು ಮೀರಿತ್ತು. ನಾವು ತೋಟ ದಾಟುವ ಮೊದಲೇ ಸೊಪ್ಪು ತಿನ್ನುವ ಸದ್ದು ತೆಳುವಾಗುತ್ತಾ ಬಂದು ನಿಂತೇಹೋಯಿತು. ಜಗುಲಿಯಿಂದ ಯಜಮಾನರು ಕೂಗಿದರು.

“ಏನ್ಲಾ ಸಿದ್ದಾ! ಹುಳದ ಸೊಪ್ಪ ನೀನೇ ತಿಂದು ಮಲೀಕಂಡ್ಯಾ?”

ಅಪ್ಪನ ಕಾಲು ಅಲ್ಲೇ ನಿಂತಿತು. ಕರೆದರೆ ಓಗೊಡುವುದು ಅವರ ಜೀವಮಾನದ ಅಭ್ಯಾಸ. ಬಾಯಿ ತೆರೆದದ್ದನ್ನು ಕಂಡು ನಾನು ಅಂಗೈಯಿಂದ ಬಲವಾಗಿ ಮುಚ್ಚಿದೆ. ಅವರ ಉಸಿರು ಬೆರಳಿಗೆ ಬಿಸಿಯಾಗಿ ತಗಲುತ್ತಿತ್ತು. ತುಟಿ ಅಲುಗಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಹುಳುಮನೆಯ ಒಳಗಿನಿಂದ ಮೊದಲು ಅಪ್ಪನ ಕೆಮ್ಮು ಕೇಳಿತು. ಅನಂತರ ಅಪ್ಪನದೇ ದನಿ: “ಇಲ್ಲಾ ಬುದ್ದಿ, ಆಕ್ತಾವ್ನಿ.”

ತಟ್ಟೆ ಎಳೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಹುಳುಗಳು ತಿನ್ನುವ ಸದ್ದು ಮತ್ತೆ ಆರಂಭವಾಯಿತು. “ಊಂ,” ಎಂದರು ಯಜಮಾನರು, ಸಮಾಧಾನದಿಂದ.

ನಾವು ರಾತ್ರಿಯಿಡೀ ನಡೆದೆವು. ಬೆಳಗಾದಾಗ ಮಧುವನಹಳ್ಳಿಯಲ್ಲಿದ್ದೆವು, ಅಲ್ಲಿಂದ ಬಸ್ಸು ಹಿಡಿದು ಯಳಂದೂರು ಸೇರಿದೆವು. ಹುಳುಮನೆಯಲ್ಲಿ ಬೇರೆ ಆಳು ಇರಲಿಲ್ಲ. ಪ್ರತಿಧ್ವನಿ ಎನ್ನೋಣವೆಂದರೆ, ಅಪ್ಪ ಆಡದ ಮಾತಿಗೆ ಪ್ರತಿಧ್ವನಿ ಎಲ್ಲಿಯದು? ಹೆದರಿಕೆಯಿಂದ ನನಗೆ ಹಾಗೆ ಕೇಳಿಸಿತೆಂದು ಹೇಳಬಹುದು. ಆಗ ಯಜಮಾನರು ಸುಮ್ಮನಾದದ್ದೇಕೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಬಹಳ ಕಾಲದ ಮೇಲೆ ಅಪ್ಪನನ್ನೇ ಕೇಳಿದೆ.

“ನಾನೂ ಕೇಳಿಸ್ಕಂಡಿವ್ನಿ. ಉಳ್ಕಂಡವ್ನು ಅಲ್ಲೇ ಇರ್ಲಿ ಬುಡು,” ಎಂದರು, ಅಷ್ಟೆ.

ಜೀತವನ್ನು ರದ್ದುಮಾಡಿದ ಕಾನೂನು ಬಂದದ್ದು ಆಮೇಲೆ. ಅಷ್ಟರಲ್ಲಿ ಅಪ್ಪ ಕೊಳ್ಳೇಗಾಲದಲ್ಲಿ ನೂಲು ತೆಗೆಯುವ ಕಾರ್ಖಾನೆಯೊಂದಕ್ಕೆ ಕೂಲಿಗೆ ಸೇರಿದ್ದರು. ಅವ್ವ ಅಲ್ಲೇ ಬಾಡಿಗೆಯ ಒಂದು ಕೋಣೆಯಲ್ಲಿ ಒಲೆ ಹೂಡಿದರು. ನಾನು ಓದು ಮುಂದುವರಿಸಿದೆ. ನಮ್ಮ ಮನೆಯಿಂದ ಯಾರೂ ಮತ್ತೆ ಜೀತಕ್ಕೆ ಹೋಗಲಿಲ್ಲ. ಅಪ್ಪ ಯಾರನ್ನಾದರೂ ‘ಬುದ್ದಿ’ ಎಂದು ಕರೆದದ್ದನ್ನು ಆ ಸಂಜೆಯ ಅನಂತರ ನಾನು ಕೇಳಿಲ್ಲ.