ನೆಗೆಣ್ಣಿಯ ನೌಕರಿ

ಜಲನಗರದ ನೇತ್ರಾ ಲೆಕ್ಕಪತ್ರದಲ್ಲಿ ಕೈ ಪಳಗಿದ ಹೆಣ್ಣುಮಗಳು. ಒಂದು ಕಾಲಕ್ಕೆ ಬಜಾರದ ಅಂಗಡಿಯವರೇ ಕರೆದು ಕೆಲಸ ಕೊಡುತ್ತಿದ್ದರು. ಅತ್ತೆ ಲಕ್ಕವ್ವನಿಗೆ ಲಕ್ವಾ ಹೊಡೆದ ಮೇಲೆ ಅದೆಲ್ಲ ನಿಂತಿತು. ಮೈ ಒರೆಸುವುದು, ಗಂಜಿ ಕುಡಿಸುವುದು, ಮಗ್ಗಲು ಹೊರಳಿಸುವುದು, ಇದರಲ್ಲೇ ಆರು ವರ್ಷ ಸವೆದವು. ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಗೀತಾಂಜಲಿ ಮಾತ್ರ ಆಗೆಲ್ಲ ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಹೋಗಿಬಂದಳು.

ಹೋದ ವರ್ಷ ಲಕ್ಕವ್ವ ತೀರಿಕೊಂಡಳು. ತಿಕೋಟಾದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರ್ ಜಾಗ ಖಾಲಿ ಇದೆ ಅಂತ ತಿಳಿದು ಇಬ್ಬರೂ ಅರ್ಜಿ ಹಾಕಿದರು. ಸಂದರ್ಶನ ಮಾಡಿದ್ದು ಮನುಷ್ಯರಲ್ಲ, ಎಐ. ಮೊಬೈಲಿನ ಮುಂದೆ ಕೂತು ಅದು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಕೆಲಸ ಗೀತಾಂಜಲಿಗೆ ಆಯಿತು.

ನೇತ್ರಾ ತಡೆಯಲಾರದೆ ಆಫೀಸಿಗೆ ಫೋನ್ ಮಾಡಿದಳು. "ನಡುವ ಆರು ವರ್ಷ ನೀವು ಏನೂ ಕೆಲಸ ಮಾಡಿಲ್ಲಲ್ರಿ. ಹಂಗಾಗಿ ಎಐ ನಿಮ್ಮ ಅರ್ಜಿ ಸೋಸಿ ಹಾಕೇತ್ರಿ. ನಮ್ಮ ಕೈಯಾಗ ಏನೂ ಇಲ್ಲ," ಅಂದರು.

ಏನೂ ಕೆಲಸ ಮಾಡಿಲ್ಲ! ಮುಖ ಮೋರೆ ಇಲ್ಲದ ಯಂತ್ರದ ಮೇಲೆ ಎಷ್ಟಂತ ಸಿಟ್ಟು ಮಾಡುವುದು? ಆ ಸಿಟ್ಟು ಗೀತಾಂಜಲಿಯ ಇಸ್ತ್ರಿ ಸೀರೆಯ ಮೇಲೆ, ತಿಕೋಟಾ ಬಸ್ಸಿಗೆ ಓಡುವ ಆಕೆಯ ಅವಸರದ ಮೇಲೆ ತಿರುಗಿತು. ಸೀದ ರೊಟ್ಟಿಗಳನ್ನೇ ಆರಿಸಿ ಆಕೆಯ ಡಬ್ಬಿಗೆ ತುರುಕಿದಳು. ಆಕೆಯ ಕೆಲಸ ಹೋಗಲಿ ಎಂದು ದೇವರಲ್ಲಿ ಬೇಡಿದಳು, ಬೇಡಿ ನಾಚಿದಳು, ಮರುದಿನ ಮತ್ತೆ ಬೇಡಿದಳು.

"ಅಕ್ಕಾ, ನನ್ನ ಕೂಡ ಮಾತು ಯಾಕ ಬಿಟ್ಟಿ?" ಗೀತಾಂಜಲಿ ಒಂದು ದಿನ ಕೇಳಿಯೇಬಿಟ್ಟಳು.

"ಆಫೀಸಿಗೆ ಹೋಗಾಕಿ ನೀ. ಆರು ವರ್ಷ ಸುಮ್ನ ಕುಂತಾಕಿ ಕೂಡ ನಿಂದೇನು ಮಾತು?" ಎಂದ ನೇತ್ರಾಳ ಬಾಯಿಂದ ಫೋನಿನ ಸಂಗತಿಯೆಲ್ಲ ಹೊರಬಿತ್ತು.

ಮರುದಿನ ಗೀತಾಂಜಲಿ ಅಕ್ಕನ ಕೈ ಹಿಡಿದು ತಿಕೋಟಾ ಬಸ್ ಹತ್ತಿಸಿದಳು. ಕೋಲ್ಡ್ ಸ್ಟೋರೇಜಿನ ಮಾಲೀಕ ಸಿದ್ದಲಿಂಗೇಶನ ಮುಂದೆ ನಿಂತು, "ಸರ್, ನಮ್ಮತ್ತಿ ಹಾಸಿಗಿ ಹಿಡದಾಗ ಇವರು ಮನ್ಯಾಗ ಉಳದ್ರು. ಅದಕ್ಕ ನಾ ಕೆಲಸಕ್ಕ ಹೋಗಾಕಾತು. ನನ್ನ ಆರು ವರ್ಷ ಹಿಡದು ಇವರದು ಬಿಟ್ರ ನ್ಯಾಯ ಅಲ್ರಿ. ಎದುರು ಕುಂದ್ರಿಸಿ ನೀವ ಕೇಳ್ರಿ. ಇವರ ಹೆಚ್ಚು ಅನಿಸಿದ್ರ ನನ್ನ ಜಾಗಾ ಇವರಿಗೆ ಕೊಡ್ರಿ," ಅಂದಳು.

"ಕೆಲಸ ಯಾಕ ಬಿಟ್ಟಿದ್ರಿ ಅಂತ ಎಐ ಕೇಳಲಿಲ್ಲೇನ್ರಿ?" ಸಿದ್ದಲಿಂಗೇಶ ನೇತ್ರಾಳತ್ತ ತಿರುಗಿದ.

"ಇಲ್ರಿ. ಯಾರೂ ಕೇಳಲಿಲ್ಲ."

ಆತ ಅವಳನ್ನು ಕೂಡಿಸಿ ಮಧ್ಯಾಹ್ನದವರೆಗೆ ಮಾತಾಡಿಸಿದ. ಬಬಲೇಶ್ವರದಲ್ಲಿ ತೆರೆಯುತ್ತಿದ್ದ ಹೊಸ ಶಾಖೆಗೆ ಅವಳನ್ನೇ ಮ್ಯಾನೇಜರ್ ಮಾಡಿದ. ಎಐಯನ್ನು ತೆಗೆಯಲಿಲ್ಲ, ಅದು ತಳ್ಳಿಹಾಕಿದ ಅರ್ಜಿಗಳನ್ನು ಇನ್ನುಮುಂದೆ ಮನುಷ್ಯರೂ ನೋಡಬೇಕು ಅಂತ ಹೇಳಿದ.

ನೇತ್ರಾ ಈಗ ದಿನಾ ಬಬಲೇಶ್ವರಕ್ಕೆ ಹೋಗಿಬರುತ್ತಾಳೆ. ಹೊಟ್ಟೆಕಿಚ್ಚು ಪೂರ್ತಿ ಆರಿಲ್ಲ. ಕೆಲಸದ ಮೇಲಿನದು ಹೋಯಿತು. ಸಿಕ್ಕ ಜಾಗವನ್ನೇ ಬಿಟ್ಟುಕೊಡಲು ಮುಂದಾದ ಆ ಮನಸ್ಸು ನೆಗೆಣ್ಣಿಗೆ ಬಂತು, ತನಗೆ ಬರಲಿಲ್ಲವಲ್ಲ ಎಂಬುದು ಮಾತ್ರ ಇನ್ನೂ ಒಳಗೊಳಗೇ ಸುಡುತ್ತಿದೆ.