ಇಷ್ಟೇನಾ ಗಾಯ

ಅಮ್ಮನ ಲಿವರ್ ಕ್ಯಾನ್ಸರ್‌ಗೆ ಹೊಟ್ಟೆ ಸೀಳದೆ, ಆಗಷ್ಟೇ ಬಂದಿದ್ದ ಸಣ್ಣ ತೂತುಗಳ ಆಪರೇಷನ್ ಮಾಡಿದರು. “ಹೊರಗಿನ ಗಾಯ ಮಾತ್ರ ಚಿಕ್ಕದು. ಒಳಗೆ ಕತ್ತರಿಸಿರೋದು ಹೊಟ್ಟೆ ಸೀಳಿದಾಗಿನಷ್ಟೇ ಇದೆ,” ಎಂದು ಡಾಕ್ಟರ್ ಎಚ್ಚರಿಸಿದ್ದರು.

ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೆ ಬ್ರೆಡ್ಡು, ಮೋಸಂಬಿ ಹಿಡಿದು ಬಂದವರೆಲ್ಲ ಗಾಯ ತೋರಿಸಲು ಕೇಳುತ್ತಿದ್ದರು. ಅಮ್ಮ ಸೆರಗು ಸರಿಸಿದರೆ ಅಲ್ಲಿ ಪುಟ್ಟ ಪ್ಲಾಸ್ಟರ್‌ಗಳು. “ಇಷ್ಟೇನಾ? ನಮ್ಮ ಭಾವಂಗೆ ಹೊಟ್ಟೆ ಉದ್ದಕ್ಕೂ ಕುಯ್ದಿದ್ರು!” ಎಂದು ನಗುತ್ತಿದ್ದರು. ನಾನೂ ನಕ್ಕೆ. ಅದು ಸಣ್ಣ ಆಪರೇಷನ್ನೇ ಎಂದು ನಂಬಿಯೂಬಿಟ್ಟೆ.

ಮುಂದಿನ ವಾರ ಕಾವೇರಿ ನೀರು ಬಂದ ಬೆಳಿಗ್ಗೆ, ಹಾಸಿಗೆಯಿಂದಲೇ ಕೂಗಿದೆ: “ಅಮ್ಮಾ, ನೀರು ಬಂತು, ಹಿಡ್ಕೊ!” ಆ ಕೂಗು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಸದ್ದು ಕೇಳಿ ಓಡಿದೆ. ತುಂಬಿದ ಕೊಡದ ಪಕ್ಕದಲ್ಲಿ ಅವಳು ಹೊಟ್ಟೆ ಹಿಡಿದು ಕುಸಿದಿದ್ದಳು.

“ಉದ್ದಕ್ಕೆ ಕುಯ್ಸ್ಕೊಂಡಿದ್ರೆ ನೀನೇ ಎದ್ದು ಹಿಡೀತಿದ್ದೆ, ಅಲ್ವೇನೋ?”