ಸೋನಾರ್‌ಪುರದ ಬೆಳಗಿನ ದನಿ

ಕ್ಯಾಮೆರಾದ ಮೇಲಿನ ಕೆಂಪು ದೀಪ ಹೊತ್ತಿಕೊಂಡಿದೆ. ಮಹೇಶ್ವರಿ ಬಾಯಿ ತೆರೆಯುತ್ತಾರೆ. ದನಿ ಹೊರಡುವುದಿಲ್ಲ. ಗಾಜಿನಾಚೆ ಕುಳಿತಿದ್ದ ಚಾನೆಲ್ ಮಾಲೀಕ ವಿಶ್ವನಾಥಜೀ ಎದ್ದು ನಿಲ್ಲುತ್ತಾರೆ; ಅವರ ಕೈ ಆಗಲೇ ಕಂಪ್ಯೂಟರಿನ ಮೇಲಿದೆ. ಮಹೇಶ್ವರಿ ಮೇಜಿನ ಅಂಚು ಹಿಡಿದು ಇನ್ನೊಮ್ಮೆ ಯತ್ನಿಸುತ್ತಾರೆ.

‘ನಮಸ್ಕಾರ್, ಬನಾರಸ್.’

ಕೊಂಚ ಒರಟಾಗಿದೆ, ಆದರೆ ಅವರದೇ ದನಿ. ಗಂಗೆಯ ನೀರು ಕೇದಾರ ಘಾಟಿನ ಯಾವ ಕಟ್ಟೆ ಮುಟ್ಟಿದೆ, ಹರಿಶ್ಚಂದ್ರ ಘಾಟಿನಲ್ಲಿ ಚಿತೆಗಳನ್ನು ಮೇಲಿನ ಯಾವ ಗಲ್ಲಿಗೆ ಸರಿಸಿದ್ದಾರೆ, ದೋಣಿ ಎಲ್ಲಿಯವರೆಗೆ ಬಿಡುತ್ತಾರೆ ಎಂಬುದೆಲ್ಲ ಒಂದರ ಹಿಂದೊಂದು ಬರುತ್ತದೆ. ವಿಶ್ವನಾಥಜೀ ಮತ್ತೆ ಕುರ್ಚಿಗೆ ಒರಗುತ್ತಾರೆ.

ಸೋನಾರ್‌ಪುರದ ಸೀರೆ ಅಂಗಡಿಯೊಂದರ ಮಹಡಿಯ ಮೇಲಿದೆ ಈ ಕೇಬಲ್ ಚಾನೆಲ್. ಇ-ರಿಕ್ಷಾಗಳ ಹಾರ್ನ್ ಒಳಗೆ ಬರದಂತೆ ಕಿಟಕಿಗೆ ಹಳೆಯ ಹಾಸಿಗೆ ತುರುಕಿದ್ದಾರೆ. ಸುದ್ದಿ ಮುಗಿಯುವವರೆಗೆ ಫ್ಯಾನ್ ತಿರುಗುವಂತಿಲ್ಲ, ಮೈಕಿಗೆ ಕೇಳುತ್ತದೆ. ಆ ಸೆಕೆಯಲ್ಲಿ ಮಹೇಶ್ವರಿ ಮೇಜಿನ ಕೆಳಗೆ ಒದ್ದೆ ಟವೆಲಿನ ಮೇಲೆ ಪಾದವಿಟ್ಟು ಓದುತ್ತಾರೆ. ನಗರದ ಈ ದಕ್ಷಿಣದ ಅಂಚು ಬಿಟ್ಟರೆ ಅವರ ಮುಖ ಗೊತ್ತಿರುವವರಿಲ್ಲ. ಇಲ್ಲಿಯೂ ಗುರುತು ಹಿಡಿಯುವುದು ದನಿಯಿಂದಲೇ. ಆಟೋ ಹತ್ತಿ, ಹೋಗಬೇಕಾದ ಬಡಾವಣೆ ‘ಲಂಕಾ’ ಅಂದರೆ ಸಾಕು, ಇವತ್ತು ನೀರು ಇಳಿಯುತ್ತದೆಯೇ ದೀದಿ ಎಂದು ಡ್ರೈವರ್ ಹಿಂತಿರುಗಿ ನೋಡದೆಯೇ ಕೇಳುತ್ತಾನೆ.

ತಂದೆ ಮರುಳಸಿದ್ದಯ್ಯ ಕೊಟ್ಟೂರಿನ ಕಡೆಯಿಂದ ಇಲ್ಲಿನ ವೀರಶೈವ ಮಠವೊಂದರ ಸೇವೆಗೆ ಬಂದವರು. ಮಗಳು ಬೆಳೆದದ್ದು ಮಠದ ಬಾಗಿಲಲ್ಲಿ. ಕರ್ನಾಟಕದಿಂದ ಬಂದ ಯಾತ್ರಿಕರಿಗೆ ಯಾವ ಗಲ್ಲಿ ಎಲ್ಲಿಗೆ ಹೋಗುತ್ತದೆ, ಎಲ್ಲಿ ಜಾರುತ್ತದೆ ಎಂದು ಕೂಗಿ ಹೇಳುವುದು ಮಗಳ ಪಾಲಿನ ಕೆಲಸ. ಮಠದ ಸಮಾರಂಭವೊಂದನ್ನು ಚಿತ್ರೀಕರಿಸಲು ಬಂದಿದ್ದ ವಿಶ್ವನಾಥಜೀ ಆ ಕೂಗನ್ನು ಕೇಳಿಯೇ ಸುದ್ದಿ ಓದಲು ಕರೆದದ್ದು. ಇಂದಿಗೂ ಮಹೇಶ್ವರಿ ಸುದ್ದಿ ಓದುವುದು ಹಾಗೆಯೇ.

‘ಯಾರೋ ಒಬ್ರು ಮನೆಯಿಂದ ಹೊರಡ್ತಾ ಇದಾರೆ ಅಂದ್ಕೋತೀನಿ,’ ಎನ್ನುತ್ತಾರೆ. ‘ಅವರು ಚಪ್ಪಲಿ ಮೆಟ್ಕೊಳ್ಳೋದ್ರೊಳಗೆ ಹೇಳಿ ಮುಗಿಸ್ಬೇಕು.’

ಕಳೆದ ತಿಂಗಳು ಆ ಗಂಟಲಲ್ಲೇ ಗಂಟು ಕಾಣಿಸಿಕೊಂಡಿತು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿರುವ ದಾವಣಗೆರೆಯ ಡಾಕ್ಟರ್ ಬಾಲಚಂದ್ರ ಶಸ್ತ್ರಚಿಕಿತ್ಸೆ ಮಾಡಿ, ಮೂರು ವಾರ ಒಂದು ಪಿಸುಮಾತೂ ಕೂಡದು ಎಂದರು. ಆಮೇಲೆ ಹಳೆಯ ದನಿಯೇ ಬರುತ್ತದೆಂದು ಮಾತು ಕೊಡಲಿಲ್ಲ. ದನಿ ಹೋದರೆ ಕುರ್ಚಿಯೂ ಹೋದಂತೆ ಎಂಬುದು ಮಹೇಶ್ವರಿಗೆ ಗೊತ್ತಿತ್ತು. ವಾರ ಕಳೆಯುವುದರೊಳಗೆ ವಿಶ್ವನಾಥಜೀ ಹಳೆಯ ರೆಕಾರ್ಡಿಂಗುಗಳಿಂದ ಕಂಪ್ಯೂಟರಿನಲ್ಲೊಬ್ಬ ಮಹೇಶ್ವರಿಯನ್ನು ತಯಾರಿಸಿ ಸುದ್ದಿಗೆ ಕೂರಿಸಿದ್ದರು. ಅದೇ ಮುಖ, ಅದೇ ದನಿ. ಈ ದೀದಿಗೆ ಬೆವರೂ ಬರೋದಿಲ್ಲ ಎಂದು ಚಹಾ ಅಂಗಡಿಯವರು ಛೇಡಿಸಿದರು.

ಹಾಗಿರುವಾಗ ಮಠದ ಹಿರಿಯ ಅರ್ಚಕ ಚಂದ್ರಮೌಳೇಶ್ವರರು ಲಿಂಗೈಕ್ಯರಾದರು. ನಿಧನ ವಾರ್ತೆಗೆಂದು ಮಹೇಶ್ವರಿಯೇ ಹಿಂದೆ ಬರೆದಿಟ್ಟಿದ್ದ ಸಿದ್ಧ ಸಾಲೊಂದಿದೆ: ಅಂತ್ಯಸಂಸ್ಕಾರ ಇಂದು ಹರಿಶ್ಚಂದ್ರ ಘಾಟಿನಲ್ಲಿ. ಈ ಬೀದಿಗಳಲ್ಲಿ ಸತ್ತವರು ಹೆಚ್ಚುಕಡಿಮೆ ಅಲ್ಲಿಗೇ ಹೋಗುವುದು. ಮಠದವರನ್ನು ಮಾತ್ರ ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ. ಇಂಥ ಸುದ್ದಿ ಬಂದಾಗಲೆಲ್ಲ ಮಹೇಶ್ವರಿ ಓದುತ್ತಲೇ ಆ ಸಾಲು ಬದಲಿಸುತ್ತಿದ್ದರು. ಬರಹದಲ್ಲಿ ತಿದ್ದಬೇಕೆಂದು ಹೊಳೆದಿರಲೇ ಇಲ್ಲ. ಕಂಪ್ಯೂಟರ್ ಇದ್ದದ್ದನ್ನು ಇದ್ದಂತೆ ಓದಿತು.

ಮನೆಯ ಟಿವಿಯಲ್ಲಿ ತನ್ನದೇ ಬಾಯಿ ತಪ್ಪು ಹೇಳುತ್ತಿರುವುದನ್ನು ಮಹೇಶ್ವರಿ ಕಂಡರು. ಕೂಗುವಂತಿಲ್ಲ. ಫೋನಿನಲ್ಲಿ ಕಳಿಸಿದ ಸಂದೇಶ ನೋಡುವವರಿಲ್ಲ. ಊಟದ ತಟ್ಟೆ ಎತ್ತಿ ನೆಲಕ್ಕೆ ಬಡಿಯತೊಡಗಿದರು. ತಾಯಿ ಕಮಲಾದೇವಿ ಅಡುಗೆಮನೆಯಿಂದ ಬಂದರು.

‘ಯಾಕವ್ವಾ, ಹಸಿವಾತೇನು? ರೊಟ್ಟಿ ಇನ್ನೂ ತವಾ ಮ್ಯಾಲೈತಿ.’

ಮಗಳು ಟಿವಿ ತೋರಿಸಿ, ಕೈ ಜೋಡಿಸಿ, ನೆಲ ತಟ್ಟಿ, ಕಡೆಗೆ ತಾನೇ ಪದ್ಮಾಸನ ಹಾಕಿ ಕಣ್ಣು ಮುಚ್ಚಿ ಕುಳಿತರು. ತಾಯಿಗೆ ಆಗ ಅರ್ಥವಾಯಿತು. ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಚಾನೆಲ್‌ಗೆ ಫೋನ್ ಮಾಡಿ ಎಷ್ಟು ಬೈದರೆಂದರೆ ತಿದ್ದುಪಡಿ ಕೂಡಲೇ ಪರದೆಗೆ ಬಂತು. ಅಷ್ಟರಲ್ಲಿ ಚೆಂಡುಹೂವಿನ ಹಾರ ಹಿಡಿದು ಘಾಟಿಗೆ ಇಳಿದಿದ್ದ ಭಕ್ತರು ವಿಷಯ ತಿಳಿದು ಮೆಟ್ಟಿಲು ಹತ್ತಿ ಮಠಕ್ಕೆ ಓಡಿದರು. ಮಣ್ಣು ಕೊಡುವುದರೊಳಗೆ ತಲುಪಿದರು.

ಮೂರು ವಾರಗಳ ಬಳಿಕ ಮತ್ತೆ ಓದಿದ ಇಂದಿನ ಸುದ್ದಿ ಮುಗಿದಿದೆ. ಫ್ಯಾನ್ ತಿರುಗುತ್ತಿದೆ. ಡಾಕ್ಟರ್ ಬಾಲಚಂದ್ರ ಆಗಲೇ ಫೋನ್ ಮಾಡಿದ್ದಾರೆ: ದಿನಕ್ಕೊಂದು ಬುಲೆಟಿನ್ ಓದಬಹುದು, ಅಮ್ಮನ ಜೊತೆ ಜಗಳ ಮಾತ್ರ ಸದ್ಯಕ್ಕೆ ಬೇಡ. ಮಹೇಶ್ವರಿ ನಗುತ್ತಾರೆ, ನಗುವಿಗೂ ಸದ್ದು ಬಂದಿದೆ ಎಂದು ಇನ್ನೊಮ್ಮೆ ನಗುತ್ತಾರೆ.

ವಿಶ್ವನಾಥಜೀ ಚಹಾ ತರಿಸಿ ಎದುರು ಕೂರುತ್ತಾರೆ. ಮಾತಿನಲ್ಲಿ ಕಾಳಜಿಯೇ ಇದೆ. ನಿಧನ ವಾರ್ತೆಯ ಆ ಸಾಲನ್ನು ತಿದ್ದಿಸಿಯಾಗಿದೆ ಎನ್ನುತ್ತಾರೆ. ದಿನದ ಸುದ್ದಿಯನ್ನು ಕಂಪ್ಯೂಟರ್ ಓದಲಿ, ಸಂಬಳಕ್ಕೆ ಕತ್ತರಿಯಿಲ್ಲ. ಶಿವರಾತ್ರಿ, ದೇವ್ ದೀಪಾವಳಿಯಂಥ ದೊಡ್ಡ ಹಬ್ಬದ ದಿನಗಳಲ್ಲಿ ಬಂದು ಕುಳಿತರಾಯಿತು. ಬೆಳಗಿನ ನಿದ್ದೆಯೂ ಉಳಿಯಿತು, ಗಂಟಲೂ ಉಳಿಯಿತು.

ಮಹೇಶ್ವರಿ ಚಹಾ ಕುಡಿದು ಮುಗಿಸುತ್ತಾರೆ.

‘ಬೇಡ.’

ಅವಸರವೇನಿಲ್ಲ, ನಾಳೆಯವರೆಗೆ ಯೋಚಿಸಿ ಹೇಳಮ್ಮಾ ಎನ್ನುತ್ತಾರೆ ವಿಶ್ವನಾಥಜೀ.

‘ಯೋಚಿಸೋದೇನಿಲ್ಲ, ಭೈಯಾ. ದಿನದ ಸುದ್ದಿ ನಾನೇ ಓದ್ತೀನಿ. ಕಂಪ್ಯೂಟರ್ ಬೇಡ.’